ಟವೆಲ್ಲಿನ ಕೆಳಗಿನ ಸೂಜಿ

ಬೈಲಹೊಂಗಲದ ದನದ ಸಂತೆಯಲ್ಲಿ ಯಾವ ಚಹಾದಂಗಡಿಯ ಮುಂದೆ ಕುಳಿತರೂ ಒಬ್ಬ ದಲಾಲನ ಕತೆ ನಿಮ್ಮ ಕಿವಿಗೆ ಬೀಳುತ್ತದೆ. ಸವದತ್ತಿ ಗುಡ್ಡದ ದೇವಿ ಎಲ್ಲವ್ವ ಅವನನ್ನು ಕರೆದಳಂತೆ, ಅವನು ಒಲ್ಲೆ ಎಂದನಂತೆ, ಅವಳು ಮೊದಲು ಅವನ ಕಾಲು ಕಿತ್ತುಕೊಂಡಳಂತೆ, ಆಮೇಲೆ ಜೀವ. ಹೇಳುವವನು ಕೈ ಮುಗಿಯುತ್ತಾನೆ, ಕೇಳುವವನೂ ಮುಗಿಯುತ್ತಾನೆ, ಚಹಾ ಆರುವುದರೊಳಗೆ ಕತೆ ತೀರಿಹೋಗುತ್ತದೆ. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಎಲ್ಲವ್ವನ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಮನೆಯಲ್ಲೂ ಅವಳ ಫೋಟೊ ಇದೆ, ಹುಣ್ಣಿಮೆಗೆ ಕಾಯಿ ಒಡೆಯುತ್ತೇವೆ. ಸಿಟ್ಟು ಇರುವುದು ಊರಿನ ಮೇಲೆ, ಅದಕ್ಕಿಂತ ಹೆಚ್ಚಾಗಿ ಆ ದಲಾಲನ ಮೇಲೆ.

ಅವನನ್ನು ಇಲ್ಲಿ ದುಂಡಪ್ಪ ಎಂದು ಕರೆಯುತ್ತೇನೆ. ಉಳಿದ ಹೆಸರುಗಳೂ ನಿಜವಾದವಲ್ಲ. ಕಿತ್ತೂರಿನ ಅವನ ಬೀಗರು ಓದುವ ಪೈಕಿಯವರಲ್ಲ, ಓದಿದರೂ ಇದು ತಮ್ಮ ಮನೆಯ ಮಾತೆಂದು ಒಪ್ಪುವವರಲ್ಲ. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ನಾನು ಬಸವಲಿಂಗ, ಸಂತೆಯಲ್ಲಿ ರಸೀದಿ ಹರಿದುಕೊಡುವ ಗುಮಾಸ್ತನಾಗಿದ್ದೆ. ದುಂಡಪ್ಪ ಎತ್ತಿನ ದಲಾಲ, ನನ್ನ ಹಳೆಯ ಗೆಳೆಯ. ಎತ್ತಿನ ಬೆಲೆಯನ್ನು ನಮ್ಮಲ್ಲಿ ಬಾಯಿಬಿಟ್ಟು ಹೇಳುವ ಪದ್ಧತಿ ಇಲ್ಲ. ಕೊಡುವವನ ಕೈಯೂ ದಲಾಲನ ಕೈಯೂ ಒಂದು ಟವೆಲ್ಲಿನ ಕೆಳಗೆ ಸೇರುತ್ತವೆ. ಬೆರಳು ಹಿಡಿದು ಕೇಳುತ್ತಾರೆ, ಬೆರಳು ಬಿಡಿಸಿಕೊಂಡು ಒಲ್ಲೆ ಎನ್ನುತ್ತಾರೆ. ಒಪ್ಪಿಗೆಯಾದರೆ ಇಡೀ ಅಂಗೈ ಹಿಡಿದು ಗಟ್ಟಿಯಾಗಿ ಒತ್ತುತ್ತಾರೆ. ಒತ್ತಿದ ಕೂಡಲೇ ಟವೆಲ್ ಎಳೆದು ಹೆಗಲಿಗೆ ಹಾಕಿಕೊಳ್ಳಬೇಕು. ಅಲ್ಲಿಗೆ ಸೌದಾ ಮುಗಿಯಿತು, ಇನ್ನು ಹಿಂದೆ ಸರಿಯುವಂತಿಲ್ಲ. ಸುತ್ತ ನಿಂತ ಜನಕ್ಕೆ ಕಾಣುವುದು ಇಬ್ಬರ ಮುಖ ಮಾತ್ರ. ದುಂಡಪ್ಪನ ಮುಖ ನೋಡಿ ಬೆಲೆ ಊಹಿಸಿದವರು ಯಾರೂ ಇರಲಿಲ್ಲ.

ಅವನ ಬೆರಳಿಗೆ ಇದ್ದ ಹಿಡಿತ ನಾಲಿಗೆಗೆ ಇರಲಿಲ್ಲ. ಎತ್ತರದ ಆಳು, ದಪ್ಪ ಮೀಸೆ, ಸಂತೆಯ ಆ ಕಡೆ ನಿಂತು ಕೂಗಿದರೆ ಈ ಕಡೆ ಕೇಳುವ ದನಿ. ಮಕ್ಕಳಾಗದ ಗಂಡಸು ಯಾರಾದರೂ ಎದುರು ಬಂದರೆ, "ಬಂತ್ ನೋಡ್ರಿ ಒಡಸಿದ ಎತ್ತು" ಎಂದು ಹತ್ತು ಜನರ ಮುಂದೆ ಕೂಗುತ್ತಿದ್ದ. ಹೋರಿ ಸಾಧುವಾಗಿ ನೊಗಕ್ಕೆ ಕತ್ತು ಕೊಡಲಿ ಎಂದು ಅದರ ಬೀಜ ಒಡೆಸುತ್ತಾರಲ್ಲ, ಆ ಮಾತು. ಆ ಬಡಪಾಯಿ ತಲೆ ತಗ್ಗಿಸಿ ಹೋಗುತ್ತಿದ್ದ, ಸಂತೆ ನಗುತ್ತಿತ್ತು, ದುಂಡಪ್ಪ ಮೀಸೆ ತಿರುವುತ್ತಿದ್ದ.

ಸವದತ್ತಿಯಿಂದ ಸತ್ಯವ್ವ ಎಂಬ ಜೋಗಪ್ಪ ಸಂತೆಗೆ ಬರುತ್ತಿದ್ದಳು. ಗಂಡಾಗಿ ಹುಟ್ಟಿ, ಚಿಕ್ಕಂದಿನಲ್ಲೇ ಎಲ್ಲವ್ವನ ಕರೆಗೆ ಓಗೊಟ್ಟು, ಕೊರಳಿಗೆ ದೇವಿಯ ಮುತ್ತು ಕಟ್ಟಿಸಿಕೊಂಡು ಸೀರೆ ಉಟ್ಟವಳು. ದೇವಿಯ ಬುಟ್ಟಿ ತಲೆಯ ಮೇಲೆ ಹೊತ್ತು ಬಂದರೆ ರೈತರು ಕೈ ಮುಗಿದು ಹಣೆಗೆ ಭಂಡಾರದ ಅರಿಶಿನ ಹಚ್ಚಿಸಿಕೊಳ್ಳುತ್ತಿದ್ದರು. ಒಂದು ಸಲ ದುಂಡಪ್ಪ ಅವಳ ಗದ್ದ ಹಿಡಿದೆತ್ತಿ, "ಬಾಯಿ ತಗಿಯವಾ, ಹಲ್ಲ ನೋಡೂನು. ಹೋರಿನೋ ಆಕಳನೋ ಅಂತ ನಮ್ಮ ಗುಮಾಸ್ತರು ಚೀಟಿ ಬರಿಬೇಕಲ್ಲ" ಎಂದ. ಅವಳು ಅವನ ಕೈ ಸರಿಸಿ, "ನಿನಗ ಅವ್ವ ಒಳ್ಳೇದು ಮಾಡ್ಲಿ" ಎಂದಷ್ಟೇ ಹೇಳಿ ಮುಂದೆ ಹೋದಳು. ಊರು ಆಮೇಲೆ ಈ ಮಾತನ್ನೇ ಶಾಪವೆಂದು ಹೇಳಿಕೊಂಡು ತಿರುಗಿತು. ಒಳ್ಳೆಯದಾಗಲಿ ಎಂದದ್ದನ್ನು ನಾನು ಪಕ್ಕದಲ್ಲೇ ನಿಂತು ಕೇಳಿದ್ದೇನೆ.

ಅರವತ್ತರ ಹತ್ತಿರ ಬಂದಾಗ ಅವನಿಗೆ ಮೂತ್ರ ಕಟ್ಟತೊಡಗಿತು. ಸೊಂಟ ಹಿಡಿದುಕೊಂಡು ಓಡಾಡುತ್ತಿದ್ದ. ಬಸ್ಸಿನ ಸೀಟು ಸರಿಯಿಲ್ಲ, ಉಷ್ಣ ಆಗಿದೆ, ನೀರು ಬದಲಾಗಿದೆ ಎಂದೆಲ್ಲ ಅಂದು ಒಂದು ವರ್ಷ ತಳ್ಳಿದ. ಕೊನೆಗೆ ನಾನೇ ಬೈದು ಬೆಳಗಾವಿಯ ದೊಡ್ಡ ದವಾಖಾನೆಗೆ ಕರೆದುಕೊಂಡು ಹೋದೆ. ಸೂಜಿಯಿಂದ ತುಣುಕು ತೆಗೆದರು, ಸ್ಕ್ಯಾನ್ ಮಾಡಿದರು. ನಂತರ ಡಾಕ್ಟರು ನಮ್ಮಿಬ್ಬರನ್ನು ಒಳಗೆ ಕೂರಿಸಿಕೊಂಡು ಬಾಗಿಲು ಹಾಕಿದರು.

"ಪ್ರಾಸ್ಟೇಟ್ ಗ್ರಂಥಿ ಕ್ಯಾನ್ಸರ್ ಐತ್ರಿ. ಬೆನ್ನಿನ ಎಲುಬಿಗೂ ಹತ್ತೇತಿ. ಪೂರ್ತಿ ಗುಣಾ ಆಗಾಂಗಿಲ್ಲ. ಆದ್ರ ಹಿಡದು ಇಡಾಕ ಬರ್ತೇತಿ, ವರ್ಷಗಟ್ಟಲೇ ಇಡಾಕ ಬರ್ತೇತಿ. ನಿಮ್ಮ ಮೈಯಾಗಿನ ಗಂಡಸಿನ ಹಾರ್ಮೋನ್ ಐತಲ್ಲ, ಅದ ಆ ಗಡ್ಡಿಗೆ ಮೇವು. ಆ ಮೇವು ನಿಲ್ಲಿಸಬೇಕು."

"ಹೆಂಗ ನಿಲ್ಲಸ್ತೀರಿ?" ಎಂದ ದುಂಡಪ್ಪ.

"ಸಣ್ಣ ಆಪರೇಷನ್ ಮಾಡಿ ಬೀಜ ತಗದಬಿಟ್ರ ಒಮ್ಮಿಗೇ ಮುಗೀತೇತಿ. ಇಲ್ಲಾಂದ್ರ ಇಂಜೆಕ್ಷನ್."

ದುಂಡಪ್ಪ ಕುರ್ಚಿ ಸರಿಸಿ ಎದ್ದು ನಿಂತ. "ನನ್ನ ಒಡಸಾಕ ಹೊಂಟೀರೇನ್ರಿ ಸಾಹೇಬ್ರ? ಎಷ್ಟ ಹೋರಿ ಒಡಸೇನಿ ನಾ, ನನಗ ಗೊತ್ತಿಲ್ಲೇನು ಅದು? ಸೂಜಿ ಕೊಡ್ರಿ."

"ಎರಡೂ ಮಾಡೂದು ಒಂದ ಕೆಲಸಾರಿ," ಎಂದರು ಡಾಕ್ಟರು. "ಬೆವರು ಬರ್ತೇತಿ, ಎದಿ ಬಾತಂಗ ಆಗಬಹುದು, ಮನಸ್ಸು ಮೆತ್ತಗಾಗ್ತೇತಿ. ಸೂಜಿ ಬಿಟ್ರ ಇದೆಲ್ಲಾ ಹೊಳ್ಳಿ ಹೋಗಬಹುದು. ಆದ್ರ ಜಡ್ಡು ಹೊಳ್ಳಿ ಬರ್ತೇತಿ. ಬಿಡೂ ಹಂಗಿಲ್ಲ, ತಿಳೀತ್ರಿ?"

ತಿಳಿಯಿತು ಎಂದ. ದವಾಖಾನೆಗೇ ಬಂದು ತಿಂಗಳಿಗೊಮ್ಮೆ ಹಾಕಿಸಿಕೊಳ್ಳುವ ಸೂಜಿಯೂ ಇತ್ತು. ಅದನ್ನೂ ಒಲ್ಲೆ ಎಂದ. ಬೆಳಗಾವಿಯ ಬಸ್ಸಿನಲ್ಲಿ ಬೈಲಹೊಂಗಲದ ಜನ ಇದ್ದೇ ಇರುತ್ತಾರೆ, ಪ್ರತಿ ತಿಂಗಳು ಯಾಕೆ ಹೋಗುತ್ತಿ ಎಂದು ಕೇಳದೆ ಬಿಡುವವರಲ್ಲ. ಹಾಗಾಗಿ ಮನೆಯಲ್ಲೇ ದಿನಾ ತಾನೇ ಚುಚ್ಚಿಕೊಳ್ಳುವ ಸೂಜಿ ಬರೆಸಿಕೊಂಡ. ನರ್ಸ್‌ಬಾಯಿ ಒಂದು ಮೂಸಂಬಿ ತಂದು ಅದರ ಮೇಲೆ ಚುಚ್ಚಿಸಿ ಕಲಿಸಿದಳು. ಹೊಟ್ಟೆಯ ಚರ್ಮ ಚಿವುಟಿ ಹಿಡಿಯಬೇಕು, ದಿನಾ ಜಾಗ ಬದಲಿಸಬೇಕು, ಔಷಧವನ್ನು ಫ್ರಿಜ್ಜಿನಲ್ಲಿಡಬೇಕು, ಬರ್ಫಾಗುವ ಜಾಗದಲ್ಲಿ ಮಾತ್ರ ಇಡಬಾರದು. ಒಂದೇ ಸಲಕ್ಕೆ ಕಲಿತ. ಕಲಿತ ಮೇಲೆ ಆ ಮೂಸಂಬಿ ಸುಲಿದು ತಿನ್ನಲು ಹೊರಟಿದ್ದ, ಅವಳು ಕಸಿದುಕೊಂಡಳು.

ಬರುವಾಗ ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ಕೈ ಇಟ್ಟು ಹೇಳಿದ, "ಬಸಲಿಂಗಾ, ಕ್ಯಾನ್ಸರ್ ಅನ್ನೂ ಮಾತು ನಿನ್ನ ಬಾಯಿಂದ ಬಂತಂದ್ರ ನಮ್ಮ ಉಮಾನ ಮದಿವಿ ಮುಗದಂಗ. ರಕ್ತದಾಗ ಬರ್ತೇತಿ ಅಂತಾರ. ಒಬ್ಬರೂ ಹೊಸ್ತಿಲಾ ತುಳಿಯಾಂಗಿಲ್ಲ."

ಉಮಾಶ್ರೀ ಅವನಿಗೆ ತಡವಾಗಿ ಹುಟ್ಟಿದ ಒಬ್ಬಳೇ ಮಗಳು. ಬಿ.ಎಡ್. ಮುಗಿಸಿದ್ದಳು, ಕಿತ್ತೂರಿನ ಒಂದು ಒಳ್ಳೆಯ ಮನೆಯಿಂದ ಮಾತು ಬಂದಿತ್ತು.

"ಹೆಂಡತಿಗೆ ಏನ ಹೇಳ್ತಿ?" ಎಂದೆ.

"ಶುಗರ್ ಅಂತ ಹೇಳೂದು. ಶುಗರ್ ಯಾರ ಮನ್ಯಾಗಿಲ್ಲ? ಅವರೂ ದಿನಾ ಹೊಟ್ಟಿಗೇ ಚುಚಗೋತಾರ."

ಜಾಣ ದಲಾಲ! ತನ್ನ ಜಾಣತನಕ್ಕೆ ತಾನೇ ಮೆಚ್ಚಿ ಬಸ್ಸಿನಲ್ಲಿ ನಕ್ಕ. ನಾನು ಬಾಯಿ ಬಿಡುವುದಿಲ್ಲ ಎಂದು ಮಾತು ಕೊಟ್ಟೆ.

ಅವನ ಹೆಂಡತಿ ರಾಚವ್ವ ಶುಗರ್ ಎಂದ ಕೂಡಲೇ ಸೆರಗು ಸಿಕ್ಕಿಸಿ ನಿಂತಳು. ದುಂಡಪ್ಪ ಮಾದಲಿಗೆ, ಹೋಳಿಗೆಗೆ ಪ್ರಾಣ ಬಿಡುವ ಮನುಷ್ಯ. ಅಂದಿನಿಂದ ಅವನ ಚಹಾಕ್ಕೆ ಬೆಲ್ಲ ಬಂದ್. ಬೆಳಿಗ್ಗೆ ಹಾಗಲಕಾಯಿಯ ರಸ, ಸಂಜೆ ಮೆಂತ್ಯದ ನೀರು. ಹಬ್ಬದ ದಿನ ಮನೆಯವರೆಲ್ಲ ಹೋಳಿಗೆಗೆ ತುಪ್ಪ ಹಾಕಿಕೊಂಡರೆ ಇವನ ತಾಟಿನಲ್ಲಿ ಒಣ ರೊಟ್ಟಿ. ಇಲ್ಲದ ರೋಗಕ್ಕೆ ಪಥ್ಯ ಮಾಡುತ್ತ, ಇದ್ದ ರೋಗವನ್ನು ಫ್ರಿಜ್ಜಿನಲ್ಲಿ ಬೆಣ್ಣೆ ಡಬ್ಬಿಯ ಹಿಂದೆ ಬಚ್ಚಿಟ್ಟು ಅವನು ಬದುಕತೊಡಗಿದ.

ಮೊದಲ ಸೂಜಿಗೆ ನನ್ನನ್ನು ಕರೆಸಿಕೊಂಡಿದ್ದ. ಹಿತ್ತಲಿನ ಕೋಣೆಯಲ್ಲಿ ಕುಳಿತು ಅಂಗಿ ಎತ್ತಿದ. ಹೋರಿಯ ಮೂಗುದಾರ ಹಿಡಿದು ನೆಲಕ್ಕೆ ಕೆಡವುತ್ತಿದ್ದವನು ಎರಡು ಸಲ ಸೂಜಿ ಹತ್ತಿರ ತಂದು ಹಿಂದೆ ಎಳೆದ. ಆಮೇಲೆ ಹೆಗಲ ಮೇಲಿನ ಟವೆಲ್ ತೆಗೆದು ಹೊಟ್ಟೆಯ ಮೇಲೆ ಹರವಿ, ಎರಡೂ ಕೈ ಅದರ ಕೆಳಗೆ ಹಾಕಿದ.

"ಹುಚ್ಚಾ, ನೋಡಿ ಚುಚ್ಚಬೇಕೋ," ಎಂದೆ.

"ನೋಡಿದ್ರ ನನ್ನ ಕಡಿಂದ ಆಗಾಂಗಿಲ್ಲ. ಕೈಗೆ ಗೊತ್ತೈತಿ."

ಮುಖ ನನ್ನ ಕಡೆಗಿತ್ತು, ಸಂತೆಯಲ್ಲಿದ್ದಂತೆಯೇ, ಏನೂ ತಿಳಿಯದ ಮುಖ. ಟವೆಲ್ಲಿನ ಕೆಳಗೆ ಏನೋ ಸ್ವಲ್ಪ ಅಲುಗಿತು. ಆಮೇಲೆ ಟವೆಲ್ ಎಳೆದು ಹೆಗಲಿಗೆ ಹಾಕಿಕೊಂಡು, "ಆತು ಸೌದಾ" ಎಂದ. ಅಂದಿನಿಂದ ದಿನಾ ಹಾಗೆಯೇ ಚುಚ್ಚಿಕೊಂಡ.

ಔಷಧ ಕೆಲಸ ಮಾಡಿತು ಎಂಬುದನ್ನು ಹೇಳಲೇಬೇಕು. ಸೊಂಟದ ನೋವು ಇಳಿಯಿತು. ಮೂತ್ರ ಸರಾಗವಾಯಿತು. ಮತ್ತೆ ಸಂತೆಗೆ ಬಂದು ಕೂಗಾಡತೊಡಗಿದ. ರಕ್ತ ತಪಾಸಣೆ ನೋಡಿ ಡಾಕ್ಟರೇ ಖುಷಿಪಟ್ಟರು. ಅವನಿಗೆ ಮುಂದೆ ವರ್ಷಗಳಿದ್ದವು. ನನಗೆ ಹೊಟ್ಟೆ ಉರಿಯುವುದೇ ಅದಕ್ಕೆ.

ಆದರೆ ಸೂಜಿಯ ಬೆಲೆಯೂ ಮೆಲ್ಲಗೆ ಬಂತು. ಕೂತಲ್ಲೇ ಧಗೆ ಹತ್ತಿ ಬೆವರಿನಿಂದ ತೊಯ್ದು ಹೋಗುತ್ತಿದ್ದ. ಮೀಸೆ ತೆಳುವಾಯಿತು. ಎದೆ ಬಾತು ಅಂಗಿ ತಾಗಿದರೂ ನೋಯುತ್ತಿತ್ತು. ಜೋಲು ಅಂಗಿ ಹೊಲಿಸಿಕೊಂಡ. ರಾಚವ್ವನ ಹತ್ತಿರ ಮಲಗುವುದನ್ನು ಬಿಟ್ಟು ಪಡಸಾಲೆಗೆ ಹಾಸಿಗೆ ತಂದ. ಒಂದು ದಿನ ಸಂತೆಯಲ್ಲಿ ಕಟುಕನೊಬ್ಬ ಮುದಿ ಎತ್ತು ಹೊಡೆದುಕೊಂಡು ಹೋಗುತ್ತಿದ್ದಾಗ ದುಂಡಪ್ಪನ ಕಣ್ಣಲ್ಲಿ ನೀರು ಸುರಿಯತೊಡಗಿತು. ಸಾವಿರ ಎತ್ತುಗಳನ್ನು ಹಾಗೆ ಸಾಗಹಾಕಿದವನು! ಎಲ್ಲರೂ ನೋಡುತ್ತಿದ್ದರು. ಅವನಿಂದ ಬೈಸಿಕೊಂಡಿದ್ದ ಒಬ್ಬ ದಲಾಲ, "ಏನೋ ದುಂಡಪ್ಪಾ, ಯಾಕೋ ಒಡಸಿದಂಗ ಕಾಣಾಕತ್ತಿ" ಎಂದ. ಸಂತೆ ನಕ್ಕಿತು. ದುಂಡಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡು ಮನೆಯ ದಾರಿ ಹಿಡಿದ.

"ರಾಚವ್ವಗರ ಹೇಳು," ಎಂದು ನಾನು ಬಡಿದುಕೊಂಡೆ.

"ಆಕಿ ಹೊಟ್ಟ್ಯಾಗ ಮಾತ ನಿಲ್ಲಾಂಗಿಲ್ಲ. ಮದಿವಿ ಆಗ್ಲಿ, ಉಮಾನ ತಲಿಮ್ಯಾಗ ಅಕ್ಕಿಕಾಳು ಬೀಳಲಿ," ಎಂದ.

ಹೊಸ್ತಿಲ ಹುಣ್ಣಿಮೆಯ ಮುಂದೆ, ಒಳ್ಳೆಯ ಚಳಿಯಲ್ಲಿ, ನಾವು ನಾಲ್ಕು ಜನ ಮಾತು ಪಕ್ಕಾ ಮಾಡಲು ಕಿತ್ತೂರಿಗೆ ಹೋದೆವು. ಹುಡುಗ ಒಳ್ಳೆಯವನು. ಮನೆಯಲ್ಲಿ ನಡೆಯುವುದು ಮಾತ್ರ ಅವನ ತಾಯಿ ಗುರವ್ವನ ಮಾತು. ಹಣೆ ತುಂಬ ಭಂಡಾರ, ಪ್ರತಿ ಹುಣ್ಣಿಮೆಗೂ ಸವದತ್ತಿಯ ಗುಡ್ಡ ಹತ್ತುವ ಹೆಂಗಸು. ಚಹಾ ಬಂತು. ಎಲ್ಲರೂ ಶಾಲು ಹೊದ್ದು ಕುಳಿತಿದ್ದರೆ ದುಂಡಪ್ಪನಿಗೆ ಆ ಹಾಳು ಧಗೆ ಹತ್ತಿತು. ಹಣೆಯಿಂದ ಹನಿ ತೊಟ್ಟಿಕ್ಕಿತು. ಬಿಳಿ ಅಂಗಿ ತೊಯ್ದು ಮೈಗೆ ಅಂಟಿಕೊಂಡಿತು. ಟವೆಲ್ ಮುಚ್ಚಿಕೊಳ್ಳುವುದರೊಳಗೆ ಗುರವ್ವ ಅವನ ಎದೆ ನೋಡಿಬಿಟ್ಟಿದ್ದಳು.

ಅವಳು ಎದ್ದು ಕೈ ಮುಗಿದು "ಉಧೋ ಉಧೋ" ಎಂದಳು. "ಬೀಗ್ರ, ನಿಮ್ಮ ಮೈಮ್ಯಾಗ ಅವ್ವ ಬಂದಾಳ್ರಿ, ಅದಕ್ಕ ಗಂಡ ಮೈ ಹೆಣ್ಣಾಗಾಕತ್ತೇತಿ. ನಿಮ್ಮನಿಯಾಗ ಯಾರದರ ಹರಕಿ ಉಳದೈತೇನು?"

ರಾಚವ್ವ ತಟ್ಟನೆ ಅಳತೊಡಗಿದಳು. ದುಂಡಪ್ಪನ ಅಜ್ಜಿ, ತನ್ನ ಮಗ ಬದುಕಿದರೆ ಒಂದು ಕುಡಿಯನ್ನು ಅವ್ವನಿಗೆ ಬಿಡುತ್ತೇನೆ ಎಂದು ಬೇಡಿಕೊಂಡಿದ್ದಳಂತೆ. ಮಗ ಬದುಕಿದ, ಹರಕೆ ಮರೆತುಹೋಯಿತು. ರಾಚವ್ವ ತಿಂಗಳುಗಟ್ಟಲೆ ಗಂಡನ ಮೈ ನೋಡಿ ಮನಸ್ಸಿನಲ್ಲೇ ಹೆದರಿದ್ದ ಮಾತನ್ನು ಗುರವ್ವ ಎಲ್ಲರ ಮುಂದೆ ಆಡಿದ್ದಳು.

"ಅಂಜಬ್ಯಾಡ್ರಿ," ಎಂದಳು ಗುರವ್ವ, ಬಹಳ ಪ್ರೀತಿಯಿಂದ. "ಅವ್ವ ಬಂದ ಮನಿ ಅಂದ್ರ ಪುಣ್ಯದ ಮನಿ. ನಿಮ್ಮ ಮಗಳನ್ನ ಕಣ್ಣಿಗೆ ಒತ್ತಿಕೊಂಡು ತರ್ತೇವಿ. ಆದ್ರ ಯುಗಾದಿ ಒಳಗ ನೀವು ಮುತ್ತು ಕಟ್ಟಿಸ್ಕೋಬೇಕು, ಸೀರಿ ಉಡಬೇಕು. ಅವ್ವಗ ಒಲ್ಲೆ ಅಂದ ಮನಿಯಿಂದ ನಾವು ಹೆಣ್ಣು ತರಾಂಗಿಲ್ಲ. ತಂದ್ರ ನಮ್ಮ ಮನಿಗೂ ಸುತ್ತಿಕೊಳ್ತಾಳ."

ಎರಡೇ ಎರಡು ಮಾತು ಅಲ್ಲೇ ಹೇಳಿದ್ದರೆ ತೀರುತ್ತಿತ್ತು. ನನ್ನ ನಾಲಿಗೆಯ ತುದಿಯಲ್ಲಿತ್ತು. ದುಂಡಪ್ಪ ನನ್ನ ಕಡೆ ನೋಡಿದ ನೋಟಕ್ಕೆ ನುಂಗಿಕೊಂಡೆ. ಕ್ಯಾನ್ಸರ್ ಎಂದರೆ ಮಗಳ ಮದುವೆ ಮುರಿಯುತ್ತದೆ. ಸುಮ್ಮನಿದ್ದರೆ ಸಂತೆಯಲ್ಲಿ ಮೀಸೆ ತಿರುವಿದವನು ಸೀರೆ ಉಡಬೇಕು.

ಮರುವಾರ ರಾಚವ್ವ ಸತ್ಯವ್ವನನ್ನೇ ಮನೆಗೆ ಕರೆಸಿದಳು. ಅವಳು ದುಂಡಪ್ಪನ ಎದುರು ಕುಳಿತು ಬಹಳ ಹೊತ್ತು ಅವನ ಮುಖ ನೋಡಿದಳು. ಆಮೇಲೆ ರಾಚವ್ವನನ್ನು ನೀರು ತರಲು ಕಳಿಸಿ, ನನ್ನ ಎದುರಿಗೇ ಕೇಳಿದಳು.

"ನಮ್ಮನ್ನ ಅವ್ವ ಕರದಾಗ ನಾವು ಅಳಕೋತನರ ಹೋದ್ವಿ, ನಕ್ಕೋತನರ ಹೋದ್ವಿ, ಒಳಗ ಗೊತ್ತಿತ್ತು ನಮಗ. ನಿನ್ನ ಒಳಗ ಅಂಥಾದ್ದೇನೂ ಇಲ್ಲ. ನಿನಗ ಜಡ್ಡು ಆಗೇತಿ. ಏನ್ ಜಡ್ಡು?"

ದುಂಡಪ್ಪ ಟವೆಲ್ ಎಳೆದು ಎದೆ ಮುಚ್ಚಿಕೊಂಡ.

"ಇದು ಅವ್ವನ ಕೆಲಸಲ್ಲ ಅಂತ ನಾ ಕಿತ್ತೂರಿಗೆ ಹೋಗಿ ಹೇಳತೇನಿ," ಎಂದಳು. "ಮತ್ತ ಏನು ಅಂತ ಅವರು ಕೇಳ್ತಾರ. ಅದನ್ನ ನೀ ಹೇಳಬೇಕು."

ಇಂಥ ಮಾತು ಅವನಿಗೆ ಆಡುವ ಋಣ ಅವಳಿಗೆ ಏನೂ ಇರಲಿಲ್ಲ. ಗದ್ದ ಎತ್ತಿ ಹಲ್ಲು ನೋಡಿದವನು ಅವನು. ಆದರೂ ಆಡಿದಳು. ದುಂಡಪ್ಪ ಏನೆಂದ ಗೊತ್ತೇ? "ನಿನ್ನ ಕೆಲಸಾ ನೀ ನೋಡ್ಕೊ, ಎದ್ದ ನಡಿ" ಎಂದ. ಅವಳು ಬುಟ್ಟಿ ಎತ್ತಿಕೊಂಡು ಹೊರಟಳು. ಹೊರಗೆ ರಾಚವ್ವನಿಗೂ "ಡಾಕ್ಟರಿಗೆ ತೋರಸು ತಂಗಿ" ಎಂದೇ ಹೇಳಿ ಹೋದಳು. ರಾಚವ್ವ ಅದನ್ನು, ಹಿಂದೆ ಅವಮಾನ ಮಾಡಿದ್ದ ಸಿಟ್ಟಿಗೆ ಆಡಿದ ಮಾತೆಂದು ತಿಳಿದಳು.

ಅಂದು ಮಧ್ಯಾಹ್ನ ದುಂಡಪ್ಪ ನನ್ನನ್ನು ಹಿತ್ತಲಿಗೆ ಕರೆದು, "ಸೂಜಿ ಬಿಡ್ತೇನಿ" ಎಂದ.

"ಸಾಯ್ತಿ."

"ಮದಿವಿ ತನಕ ಅಷ್ಟ. ಮೀಸಿ ಬರ್ಲಿ, ಎದಿ ಇಳೀಲಿ. ಅವ್ವ ಬಿಟ್ಟ ಹೋದ್ಲು ಅಂತ ಅವರ ಅಂತಾರ. ಮದಿವಿ ಮುಗದ ಮರುದಿನಾ ಹೊಳ್ಳಿ ಚುಚಗೋತೇನಿ."

"ಜಡ್ಡು ನಿನ್ನ ಮಗಳ ಮದಿವಿ ದಾರಿ ಕಾಯಾಂಗಿಲ್ಲೋ ಮಾರಾಯಾ."

"ಮತ್ತೇನ ಮಾಡ್ಲಿ? ಸೀರಿ ಉಟ್ಟು ಸಂತ್ಯಾಗ ನಿಂದ್ರಲೇನು?"

ಅವನು ಬೆರಳು ಹಿಡಿದರೆ ಬಿಡುವವನಲ್ಲ. ನಾನು ಕೈ ಚೆಲ್ಲಿದೆ.

ಹುಣ್ಣಿಮೆಯಿಂದ ಹುಣ್ಣಿಮೆಗೆ ಅವನು ಮೊದಲಿನ ದುಂಡಪ್ಪನಾಗುತ್ತ ಬಂದ. ಬೆವರು ನಿಂತಿತು. ಮೀಸೆ ದಪ್ಪವಾಯಿತು. ಎದೆ ಪೂರ್ತಿ ಇಳಿಯಲಿಲ್ಲ, ಆದರೆ ಅಂಗಿಯ ಮೇಲೆ ಕಾಣದಷ್ಟಾಯಿತು. ಇತ್ತ ರಾಚವ್ವ ಬರಿಗಾಲಲ್ಲಿ ನಡೆದು ಸವದತ್ತಿಯ ಗುಡ್ಡ ಹತ್ತಿ, ಗಂಡನ ಬದಲು ನನ್ನ ಸೇವೆ ತಗೋ ತಾಯಿ ಎಂದು ಉರುಳು ಸೇವೆ ಮಾಡಿ, ಮೊಣಕೈ ತರಚಿಕೊಂಡು ಬಂದಿದ್ದಳು. ಅವಳ ಲೆಕ್ಕದಲ್ಲಿ ಗಂಡನ ಮೀಸೆ ಬಂದದ್ದು ಆ ಮೊಣಕೈಯ ರಕ್ತದಿಂದ. ಗುರವ್ವ ಬಂದು ನೋಡಿ, ಅವ್ವ ಸಮಾಧಾನವಾದಳು ಎಂದು ಒಪ್ಪಿದಳು. ಯುಗಾದಿಯ ಮರುವಾರ ಅಕ್ಕಿಕಾಳು ಬಿತ್ತು.

ಮದುವೆಯ ದಿನ ದುಂಡಪ್ಪ ರೇಷ್ಮೆ ರುಮಾಲು ಸುತ್ತಿ, ಮೀಸೆಗೆ ಎಣ್ಣೆ ತೀಡಿ, ಹಂದರದಲ್ಲಿ ಗಂಡುಗೂಳಿಯಂತೆ ತಿರುಗಾಡಿದ. ಊಟಕ್ಕೆ ಕುಳಿತಾಗ ಆಸೆ ತಡೆಯದೆ ಮಾದಲಿಯ ಮೇಲೆ ಮಾದಲಿ ಹಾಕಿಸಿಕೊಂಡ. ರಾಚವ್ವ ಓಡಿ ಬಂದು ಕೈ ಹಿಡಿದಳು. "ಏನೂ ಆಗಾಂಗಿಲ್ಲ ಬಿಡ," ಎಂದ. ನಿಜವಾಗಿಯೂ ಏನೂ ಆಗಲಿಲ್ಲ. ಆಗಲಿಕ್ಕೆ ಶುಗರ್ ಇದ್ದರೆ ತಾನೆ! ಬೀಗರೆಲ್ಲರ ಎದುರು ರಾಚವ್ವ ಹೇಳಿದಳು, "ನೋಡ್ರಿ, ಸಕ್ಕರಿ ಬ್ಯಾನಿನೂ ಅವ್ವನ ತಗೊಂಡ ಹೋದ್ಲು." ಎಲ್ಲರೂ ಉಧೋ ಎಂದರು. ಬೆಣ್ಣೆ ಡಬ್ಬಿಯ ಹಿಂದೆ ಉಳಿದಿದ್ದ ಸೂಜಿಯ ಡಬ್ಬಿಯನ್ನು ಅವಳು ಮಲಪ್ರಭೆಗೆ ಬಿಟ್ಟು ಬಂದಳು.

ಮದುವೆಯ ಮರುದಿನ ನಾನು ನೆನಪಿಸಿದೆ. "ಉಮಾ ಪಂಚಮಿಗೆ ಬರ್ತಾಳ, ಅಳಿಯಾನೂ ಬರ್ತಾನ. ಹೊಳ್ಳಿ ಬೆವತ್ರ ಏನ ಅಂದಾರು? ಪಂಚಮಿ ಆಗ್ಲಿ," ಎಂದ. ಪಂಚಮಿಯಲ್ಲಿ ಸೊಂಟ ಹಿಡಿದುಕೊಂಡೇ ಜೋಕಾಲಿ ಕಟ್ಟಿದ. ಆಮೇಲೆ ದಸರೆ ಆಗಲಿ ಎಂದ. ಹೆದರಿಕೆ ಬೀಗರದ್ದೊಂದೇ ಅಲ್ಲ ಎಂದು ನನಗೆ ಗೊತ್ತಿತ್ತು. ಸಂತೆಯಲ್ಲಿ ಮತ್ತೆ ಕೂಗುತ್ತಿದ್ದ, ಮತ್ತೆ ಜನರನ್ನು ಗೋಳುಹೊಯ್ದುಕೊಳ್ಳುತ್ತಿದ್ದ, ತನ್ನನ್ನು ಒಮ್ಮೆ ಹಂಗಿಸಿದ್ದ ಆ ದಲಾಲನನ್ನು ಹುಡುಕಿಕೊಂಡು ಹೋಗಿ ಒಡಸಿದ ಎತ್ತು ಎಂದು ಬೈದು ಬಂದಿದ್ದ. ಕಳೆದುಕೊಂಡಿದ್ದು ಕೈಗೆ ಸಿಕ್ಕಿತ್ತು, ಬಿಡಲು ಮನಸ್ಸಿರಲಿಲ್ಲ. ನಾನು ಡಾಕ್ಟರಿಗೆ ಫೋನು ಹಚ್ಚಿ ಅವನ ಕಿವಿಗೆ ಹಿಡಿದೆ. ಅವರು ಬೈದರು. ಹೂಂ ಹೂಂ ಎಂದು ಕೇಳಿ ಫೋನು ತಿರುಗಿ ಕೊಟ್ಟ.

ದೀಪಾವಳಿ ಕಳೆದ ವಾರ ಹಿತ್ತಲಿಗೆ ಹೋದವನು ಅಲ್ಲೇ ಕುಸಿದು ಕುಳಿತ. ಕಾಲು ಎತ್ತಲು ಬರಲಿಲ್ಲ. ಚಿವುಟಿದರೂ ಗೊತ್ತಾಗಲಿಲ್ಲ.

ನನಗೆ ಸುದ್ದಿ ಮುಟ್ಟಿ ಓಡಿ ಹೋಗುವಷ್ಟರಲ್ಲಿ ಬಾಗಿಲಲ್ಲಿ ಟೆಂಪೊ ನಿಂತಿತ್ತು. ಹಿಂದೆ ಗಾದಿ ಹಾಸಿ ಅವನನ್ನು ಮಲಗಿಸಿದ್ದರು. ಬಾಣಂತನಕ್ಕೆ ಬಂದಿದ್ದ ಉಮಾಶ್ರೀ ತುಂಬಿದ ಹೊಟ್ಟೆ ಹಿಡಿದು ಕಟ್ಟೆಯ ಮೇಲೆ ನಿಂತಿದ್ದಳು. ಸೊಸೆಯನ್ನು ನೋಡಲು ಬಂದಿದ್ದ ಗುರವ್ವ ಒಳಗೆ ದೇವರ ಮುಂದೆ ದೀಪ ಹಚ್ಚಿ ಗಂಟೆ ಬಾರಿಸುತ್ತಿದ್ದಳು, ಹೊರಗಿನ ಮಾತು ಅವಳಿಗೆ ಕೇಳುವಂತಿರಲಿಲ್ಲ. ಡಾಕ್ಟರಿಗೆ ಫೋನು ಮಾಡಿದೆ. ಬೆನ್ನುಹುರಿ ಒತ್ತಿದೆ, ಇವತ್ತೇ ಕರೆದುಕೊಂಡು ಬಂದರೆ ಕಾಲು ಉಳಿಯಬಹುದು, ತಡ ಮಾಡಬೇಡಿ ಎಂದರು.

"ಬೆಳಗಾವಿಗೆ ನಡೀರಿ," ಎಂದು ಕೂಗಿದೆ.

"ಸವದತ್ತಿಗ್ರಿ ಅಣ್ಣಾರ," ಎಂದಳು ರಾಚವ್ವ. ಅವಳ ಕೈಯಲ್ಲಿ ಹಸಿರು ಸೀರೆ, ಹಸಿರು ಬಳೆ ಇದ್ದವು. "ಕೊಟ್ಟ ಗಂಡನ್ನ ಅವ್ವ ಹೊಳ್ಳಿ ಕೇಳಾಕತ್ತಾಳ. ನಾ ಆಕಿಗೆ ಮೋಸಾ ಮಾಡಿದ್ನಿ. ಈಗರ ಒಪ್ಪಿಸಿ ಬರ್ತೇನಿ."

ಕೊಟ್ಟ ಮಾತು ಹಾಳಾಗಿ ಹೋಗಲಿ ಎಂದು ನಾನು ಎಲ್ಲ ಹೇಳಿಬಿಟ್ಟೆ. ಕ್ಯಾನ್ಸರ್ ಎಂದೆ. ಆ ಸೂಜಿ ಶುಗರಿನದಲ್ಲ ಎಂದೆ. ದುಂಡಪ್ಪನೂ ಗಾದಿಯ ಮೇಲಿಂದ, "ಖರೇ ಐತಿ ರಾಚವ್ವಾ, ಅದು ಕ್ಯಾನ್ಸರ್ ಸೂಜಿ" ಎಂದ. ದನಿ ಬೇರೆ ಯಾರದ್ದೋ ಎಂಬಂತಿತ್ತು.

ರಾಚವ್ವ ಗಂಡನ ಹಣೆ ಸವರಿದಳು. "ಇಷ್ಟ ದಿವಸಾ ನನ್ನ ಕೂಡ ಸುಳ್ಳಾಡಿದ್ರೇನು ನೀವು? ಹಾಗಲಕಾಯಿ ಕಿವುಚಿ ಕಿವುಚಿ ಕೊಟ್ಟೇನಿ ನಾ, ಕುಡದೀರಿ. ಮಾದಲಿ ತಿಂದ್ರೂ ಏನೂ ಆಗ್ಲಿಲ್ಲ, ನನ್ನ ಕಣ್ಣೀಲೆ ನೋಡೇನಿ. ಈಗ ಸೀರಿ ಉಡಾಕ ನಾಚಿ ಹಿಂಗಂತೀರಿ. ಅಣ್ಣಾರ್ನೂ ಕಲಸಿ ತಂದೀರಿ. ಅವ್ವನ ಮುಂದ ನಾಚಿಕಿ ಎಂಥಾದ್ರಿ?" ಎಂದು ಬಿಕ್ಕಿ ಬಿಕ್ಕಿ ಅತ್ತಳು. ಅಳುತ್ತಲೇ ಅವನ ಕೈಗೆ ಬಳೆ ಏರಿಸಿದಳು. ಬಳೆ ಚಿಕ್ಕವಾಗಿದ್ದವು, ಎರಡು ಒಡೆದು ಕೈ ಕೊಯ್ದವು. ಸೀರೆಯನ್ನು ಮೈತುಂಬ ಹೊದಿಸಿದಳು.

ನಾನು ಉಮಾಶ್ರೀಯ ಕಡೆ ತಿರುಗಿದೆ. ಓದಿದ ಹುಡುಗಿ. ಅವಳ ಮುಖ ನೋಡಿದ ಕೂಡಲೇ ಗೊತ್ತಾಯಿತು, ಅವಳು ನನ್ನನ್ನು ನಂಬಿದ್ದಾಳೆ. ಕಟ್ಟೆ ಇಳಿದು ಬಂದು ಟೆಂಪೊದ ಹತ್ತಿರ ನಿಂತು ಮೆಲ್ಲಗೆ ಕೇಳಿದಳು.

"ಕಾಕಾರ, ಬೆಳಗಾವಿಗೆ ಒಯ್ದ್ರ ಅಪ್ಪ ಉಳೀತಾನೇನ್ರಿ?"

"ಕಾಲು ಉಳೀಬಹುದು ಅಂದಾರವಾ. ನೋವರ ಕಡಿಮಿ ಆಗ್ತೇತಿ. ಇನ್ನೂ ಸ್ವಲ್ಪ ದಿವಸ ಬದಕ್ತಾನ."

ಅವಳು ಒಳಗಿನ ದೀಪದ ಕಡೆ, ಗುರವ್ವನ ಬೆನ್ನಿನ ಕಡೆ ನೋಡಿದಳು. ಎರಡೂ ಕೈಯಿಂದ ಹೊಟ್ಟೆ ಮುಚ್ಚಿಕೊಂಡಳು.

"ಈ ಮಾತು ನಮ್ಮ ಅತ್ತಿಗೆ ಗೊತ್ತಾಗಬಾರದ್ರಿ. ರಕ್ತದಾಗ ಐತಿ ಅಂತ ನನ್ನ ಕೂಸಿಗೂ ಅದ ಹೆಸರ ಹಚ್ಚತಾರ. ನನ್ನ ಹೊಳ್ಳಿ ಕಳಿಸ್ತಾರ. ಅವ್ವ ಅಂತನ ಇರ್ಲಿ ಕಾಕಾರ. ನಿಮ್ಮ ಕಾಲ ಬೀಳತೇನಿ."

ಅವಳ ಅಪ್ಪ ಒಂದು ಮಾರು ದೂರದಲ್ಲಿ ಮಲಗಿದ್ದ. ಕಾಲಷ್ಟೇ ಸತ್ತಿದ್ದವು, ಕಿವಿ ಚೆನ್ನಾಗಿದ್ದವು.

ನಾನು ಟೆಂಪೊ ಹತ್ತಿ ಅವನ ಪಕ್ಕ ಕುಳಿತೆ. ಗುರವ್ವ ಭಂಡಾರ ತಂದು ಅವನ ಹಣೆಗೆ ಬಳಿದಳು, ಉಧೋ ಎಂದಳು. ಅವನು ಆಕಾಶ ನೋಡುತ್ತಿದ್ದ. ಮುಖದಲ್ಲಿ ಏನೂ ಇರಲಿಲ್ಲ. ಡ್ರೈವರ್ ಹಿಂದಕ್ಕೆ ತಿರುಗಿ, "ಯಾ ಕಡೆ ಹೊಡೀಲ್ರಿ?" ಎಂದ. ರಾಚವ್ವ ಬಳೆಯ ಚೂರು ಆರಿಸುತ್ತಿದ್ದಳು. ಎಲ್ಲರೂ ನನ್ನ ಮುಖ ನೋಡಿದರು. ಬೆಳಗಾವಿ ಎಂದು ನಾನು ಬಾಯಿ ತೆರೆದೆ.

ಆಗ ಹಸಿರು ಸೀರೆಯ ಕೆಳಗೆ ಅವನ ಕೈ ನನ್ನ ಕೈಯನ್ನು ಹುಡುಕಿಕೊಂಡು ಬಂತು. ಮೊದಲು ಬೆರಳು ಹಿಡಿಯಿತು. ನಾನು ಬಿಡಿಸಿಕೊಂಡೆ, ಒಲ್ಲೆ ಎಂದು. ಮತ್ತೆ ಹಿಡಿಯಿತು. ಮತ್ತೆ ಬಿಡಿಸಿಕೊಂಡೆ. ಮೂರನೆಯ ಸಲ ಬೆರಳು ಹಿಡಿಯಲಿಲ್ಲ. ಒಡೆದ ಬಳೆಯ ರಕ್ತ ಅಂಟಿದ ಅಂಗೈಯಿಂದ ನನ್ನ ಇಡೀ ಅಂಗೈ ಹಿಡಿದು, ಇದ್ದ ಬಲವೆಲ್ಲ ಹಾಕಿ ಒತ್ತಿದ.

"ಸವದತ್ತಿ," ಎಂದೆ.

ಒತ್ತಿದ ಮೇಲೆ ಮೇಲಿನ ಬಟ್ಟೆ ಎಳೆದು ತೆಗೆಯಬೇಕು, ಅದು ಸಂತೆಯ ಪದ್ಧತಿ. ನಾನು ಸೀರೆಯನ್ನು ಅವನ ಗದ್ದದವರೆಗೂ ಸರಿಯಾಗಿ ಹೊದಿಸಿದೆ. ಟೆಂಪೊ ಹೊರಟಿತು.